ಅಪ್ಪನ ಪೆನ್ಷನ್ ತಮ್ಮನಿಗೆ ಬರಬೇಕಾದರೆ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಒಂದಿದ್ದರೆ ಸಾಕಾ?

ಪ್ರಶ್ನೆ:
ಅಪ್ಪ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದವರು, ಈಗ 71 ವರ್ಷ. ಅಮ್ಮ ಹೋದ ವರ್ಷ ತೀರಿಕೊಂಡರು. ತಮ್ಮನಿಗೆ 34. ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ಕಡಿಮೆ. ಊಟ ತಾನೇ ಮಾಡುತ್ತಾನೆ, ಅಂಗಿ ಗುಂಡಿ ಮಾತ್ರ ಇವತ್ತಿಗೂ ಅಪ್ಪನೇ ಹಾಕಬೇಕು. ಅವನ ನೀಲಿ ಯುಡಿಐಡಿ ಕಾರ್ಡನ್ನೂ ತಮ್ಮದೇ ಪಿಪಿಒವನ್ನೂ (ಪೆನ್ಷನ್ ಪಾವತಿ ಆದೇಶ ಪತ್ರ) ಅಪ್ಪ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದಾರೆ. "ಇದಿದ್ದರೆ ಆಯ್ತು, ಅವನಿಗೆ ಪೆನ್ಷನ್ ಬರುತ್ತೆ" ಅನ್ನುತ್ತಾರೆ. ನಾನು ಸುಮ್ನೆ ತೆಗೆದು ನೋಡಿದೆ. ಪಿಪಿಒನಲ್ಲಿ ಅಮ್ಮನ ಹೆಸರಿದೆ, ತಮ್ಮನದಿಲ್ಲ! ಬ್ಯಾಂಕಿನಲ್ಲಿ ಕೇಳಿದರೆ "25 ದಾಟಿದ ಮಕ್ಕಳಿಗೆ ಸಿಗಲ್ಲ" ಅಂದರು. ನಿಜಾನಾ?

ಉತ್ತರ 1:
25ರ ಮಿತಿ ನಿಮ್ಮ ತಮ್ಮನಿಗೆ ಅನ್ವಯಿಸಲ್ಲ. ನಾನು ಪೆನ್ಷನ್ ಸೆಕ್ಷನ್‌ನಲ್ಲೇ ಗುಮಾಸ್ತನಾಗಿದ್ದೆ, ಈ ತಪ್ಪು ಮಾತು ಎಷ್ಟು ಸಲ ಕೇಳಿದ್ದೇನೋ. ಅಂಗವೈಕಲ್ಯದಿಂದ ದುಡಿದು ಬದುಕಲು ಆಗದ ಮಗನಿಗೆ ಕುಟುಂಬ ಪಿಂಚಣಿ ಜೀವನಪೂರ್ತಿ ಬರುತ್ತದೆ. ಅವನಿಗೆ ಬೇರೆ ಆದಾಯ ಇದ್ದರೆ, ಅದು ಅಪ್ಪನ ಕೊನೆಯ ಮೂಲ ವೇತನದ 30% ಮತ್ತು ಅದರ ಮೇಲಿನ ತುಟ್ಟಿಭತ್ಯೆ, ಎರಡೂ ಸೇರಿದ ಮೊತ್ತಕ್ಕಿಂತ ಕಡಿಮೆ ಇರಬೇಕು. 2021ರಿಂದ ಇದೇ ಲೆಕ್ಕ.

ಆದರೆ ಕಾರ್ಡ್ ಬೇರೆ, ಪೆನ್ಷನ್ ಬೇರೆ. ಕಾರ್ಡ್ ಇದೆ ಅಂತ ಪೆನ್ಷನ್ ತಾನಾಗಿ ಶುರುವಾಗಲ್ಲ. ಅಪ್ಪ ಇರುವಾಗಲೇ ಅವರು ನಿವೃತ್ತರಾದ ಕಚೇರಿಗೆ ಅರ್ಜಿ ಕೊಟ್ಟು, ತಮ್ಮನಿಗೆ ಮುಂಚಿತವಾಗಿ ಮಂಜೂರಾತಿ ಪಡೆದು ಪಿಪಿಒಗೆ ಹೆಸರು ಸೇರಿಸಿಸಿ. ಬ್ಯಾಂಕಿಗೆ ಅಲೆಯಬೇಡಿ, ಅದು ಅವರ ಕೆಲಸ ಅಲ್ಲ.

ಇನ್ನೊಂದು ಮುಖ್ಯ. ತಮ್ಮನ ಪರವಾಗಿ ಹಣ ಯಾರು ಪಡೆಯಬೇಕು ಅಂತ ಅಪ್ಪ ಈಗಲೇ ನಾಮಿನೇಷನ್ ಬರೆದುಕೊಡಲಿ. ಅದಿದ್ದರೆ ಆಮೇಲೆ ಯಾರೂ "ಕೋರ್ಟಿಂದ ಗಾರ್ಡಿಯನ್ ಪತ್ರ ತನ್ನಿ" ಅಂತ ಕೂರುವ ಹಾಗಿಲ್ಲ.

ಉತ್ತರ 2:
ಕಾರ್ಡಿನ ಬಣ್ಣದ ಬಗ್ಗೆ ಒಂದು ಮಾತು. ಅಂಗವೈಕಲ್ಯ 40%ಗಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗೆ ಹಳದಿ, 80 ಮತ್ತು ಮೇಲೆ ನೀಲಿ. ಬಣ್ಣಕ್ಕಿಂತ ಜಾಸ್ತಿ ನೋಡಬೇಕಾದ್ದು ಅಂಗವೈಕಲ್ಯ ಪ್ರಮಾಣಪತ್ರದಲ್ಲಿ "ಶಾಶ್ವತ" ಅಂತ ಇದೆಯಾ ಅನ್ನೋದು. ಶಾಶ್ವತ ಅಂತಿದ್ದರೆ ಪೆನ್ಷನ್‌ಗೆ ಒಂದು ಸಲ ಕೊಟ್ಟರೆ ಸಾಕು. ತಾತ್ಕಾಲಿಕ ಅಂತಿದ್ದರೆ 5 ವರ್ಷಕ್ಕೊಮ್ಮೆ ಮತ್ತೆ ಕೊಡಬೇಕು. ನನ್ನ ಮಗಳದ್ದು ತಾತ್ಕಾಲಿಕ ಅಂತ ಬರೆದಿದ್ದು ನಾನು ಗಮನಿಸಿಯೇ ಇರಲಿಲ್ಲ, ಮತ್ತೆ ಆಸ್ಪತ್ರೆ ಸಾಲಿನಲ್ಲಿ ನಿಂತೆ.

ಪ್ರಶ್ನೆ ಕೇಳಿದವರು:
"ಶಾಶ್ವತ" ಅಂತಲೇ ಇದೆ, ಸದ್ಯ. ನಾಮಿನೇಷನ್ ವಿಷಯ ಎತ್ತೋದು ಹೇಗೆ ಅಂತ ಎರಡು ದಿನ ಒದ್ದಾಡಿದೆ. ನಿನ್ನೆ ರಾತ್ರಿ ಕೊನೆಗೂ ಹೇಳಿದೆ. ಅಪ್ಪ ಕನ್ನಡಕ ಹಾಕಿಕೊಂಡು ಪಿಪಿಒ ಪೂರ್ತಿ ಓದಿದರು. ಅಮ್ಮನ ಹೆಸರಿನ ಮೇಲೆ ಬೆರಳಿಟ್ಟು, "ಇದನ್ನ ತೆಗೆದುಬಿಡ್ತಾರಾ?" ಅಂತ ಕೇಳಿದರು. ನನಗೆ ಗೊತ್ತಾಗಲಿಲ್ಲ.

ಉತ್ತರ 1:
ಹಳೇ ಪಿಪಿಒದ ಜೆರಾಕ್ಸ್ ಒಂದು ಮನೆಯಲ್ಲಿ ಇಟ್ಟುಕೊಳ್ಳಿ. ಅರ್ಜಿ ಜೊತೆ ಅಮ್ಮನ ಮರಣ ಪ್ರಮಾಣಪತ್ರ ಲಗತ್ತಿಸಿ.