ದ ಜಾಮ್ ತಂಡದ ಎರಡನೆಯ ಆಲ್ಬಂ ಅವಸರಕ್ಕೆ ಬಲಿಯಾಯಿತೇ?

ಪ್ರಶ್ನೆ:
ಇಂಗ್ಲೆಂಡಿನ ರಾಕ್ ಸಂಗೀತ ತಂಡ ದ ಜಾಮ್ 1977ರ ಮೇ ತಿಂಗಳಲ್ಲಿ ತನ್ನ ಮೊದಲ ಆಲ್ಬಂ ‘ಇನ್ ದ ಸಿಟಿ’ಯನ್ನೂ, ಅದೇ ವರ್ಷದ ನವೆಂಬರಿನಲ್ಲಿ ಎರಡನೆಯದಾದ ‘ದಿಸ್ ಈಸ್ ದ ಮಾಡರ್ನ್ ವರ್ಲ್ಡ್’ ಅನ್ನೂ ಹೊರತಂದಿತು. ಎರಡನ್ನೂ ಒಂದೇ ಸಂಜೆ ಕೇಳಿದ ನನಗೆ ಎರಡನೆಯದು ಸಪ್ಪೆ ಎನಿಸಿತು. ಆರು ತಿಂಗಳ ಅಂತರವೇ ಇದಕ್ಕೆ ಕಾರಣವೇ?

ಉತ್ತರ 1:
ಬಹುಮಟ್ಟಿಗೆ ಹೌದು. ಮೊದಲ ಆಲ್ಬಂನ ಹಾಡುಗಳು ಕ್ಲಬ್ಬುಗಳ ವೇದಿಕೆಯಲ್ಲಿ ನುಡಿಸಿ ಪಳಗಿದ್ದವು. ಎರಡನೆಯದಕ್ಕೆ ಆಗಿನ್ನೂ ಹತ್ತೊಂಬತ್ತರ ಹರೆಯದ, ತಂಡದ ಗಾಯಕ ಹಾಗೂ ಗೀತರಚನೆಕಾರ ಪಾಲ್ ವೆಲ್ಲರ್ ಕಾರ್ಯಕ್ರಮಗಳ ನಡುವೆಯೇ ಹೊಸದನ್ನು ಹೊಸೆಯಬೇಕಾಯಿತು. ತಂಡದ ಬೇಸ್ ಗಿಟಾರ್ ವಾದಕ ಬ್ರೂಸ್ ಫಾಕ್ಸ್‌ಟನ್ ಬರೆದ ‘ಲಂಡನ್ ಟ್ರಾಫಿಕ್’ ವಾಹನದಟ್ಟಣೆಯ ಬಗ್ಗೆ ಗೊಣಗಿ ಸುಮ್ಮನಾಗುತ್ತದೆ. ಕೊನೆಯಲ್ಲಿರುವುದಂತೂ ಅಮೆರಿಕದ ಗಾಯಕ ವಿಲ್ಸನ್ ಪಿಕೆಟ್ ಹಾಡಿದ್ದ ಹಳೆಯ ಗೀತೆ.

ಉತ್ತರ 2:
ಎರವಲು ಹಾಡನ್ನೇ ದೋಷವೆನ್ನುವುದಾದರೆ ಮೊದಲ ಆಲ್ಬಂನಲ್ಲಿ ‘ಬ್ಯಾಟ್‌ಮನ್’ ಧಾರಾವಾಹಿಯ ಶೀರ್ಷಿಕೆ ಸಂಗೀತವೇ ಇದೆಯಲ್ಲ! ಎರಡನೆಯದರಲ್ಲಿರುವ ‘ಲೈಫ್ ಫ್ರಮ್ ಎ ವಿಂಡೋ’ವನ್ನು ಇನ್ನೊಮ್ಮೆ ಕೇಳಿರಿ, ಕಿಟಕಿಯಾಚೆಗಿನ ಊರನ್ನು ನಿಧಾನವಾಗಿ ನೋಡುವ ಆ ಬಗೆ ಮೊದಲ ಆಲ್ಬಂನ ಆರ್ಭಟದಲ್ಲಿ ಎಲ್ಲಿಯೂ ಸಿಗದು.

ಪ್ರಶ್ನೆ ಕೇಳಿದವರು:
ಕೇಳಿದೆ, ಆ ಒಂದು ಹಾಡಿನ ಮಟ್ಟಿಗೆ ನನ್ನ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಆದರೂ ಒಂದು ವರ್ಷದ ಬಳಿಕ, 1978ರಲ್ಲಿ ಬಂದ ಮೂರನೆಯ ಆಲ್ಬಂ ‘ಆಲ್ ಮಾಡ್ ಕಾನ್ಸ್’ನ ಬಿಗಿಯನ್ನು ನೋಡಿದರೆ, ತಂಡಕ್ಕೆ ಕೊರತೆಯಾಗಿದ್ದುದು ಸಮಯವೇ ಎನಿಸುತ್ತದೆ.