ಪದಚರ್ಚೆ: ‘ಫ್ಲ್ಯಾಟ್‌ನೆಸ್’ ಅಂದರೆ ಚಪ್ಪಟೆಯೋ, ಸಮತಲವೋ, ಸಪಾಟೋ?

ಪ್ರಶ್ನೆ (ಗದಗದಿಂದ)

ನಮಸ್ಕಾರ. ಚಿತ್ರಕಲಾ ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಅಮೆರಿಕದ ಕಲಾವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗ್ (1909–1994) ಕುರಿತು ಟಿಪ್ಪಣಿ ಸಿದ್ಧವಾಗುತ್ತಿದೆ. ಮೂರು ಪದಗಳಲ್ಲಿ ಗಾಡಿ ಸಿಕ್ಕಿಬಿದ್ದಿದೆ. ‘ಫ್ಲ್ಯಾಟ್‌ನೆಸ್’ಗೆ ಕರಡಿನಲ್ಲಿ ‘ಚಪ್ಪಟೆತನ’ ಎಂದಿತ್ತು, ತಿದ್ದಿದವರು ‘ಸಮತಲತೆ’ ಮಾಡಿದರು. ‘ಮೀಡಿಯಮ್ ಸ್ಪೆಸಿಫಿಸಿಟಿ’ಗೆ ‘ಮಾಧ್ಯಮ ನಿರ್ದಿಷ್ಟತೆ’, ‘ಕಿಚ್’ಗೆ ‘ಅಗ್ಗದ ಕಲೆ’. ತಕರಾರು ಬಂದ ವಾಕ್ಯ ಇದು: “ಆಧುನಿಕ ಚಿತ್ರವು ತನ್ನ ಚಪ್ಪಟೆತನವನ್ನು ಒಪ್ಪಿಕೊಂಡಿತು.” ಓದಿದವರಿಗೆ ಚಿತ್ರ ಏನೋ ತಪ್ಪು ಮಾಡಿ ಸಿಕ್ಕಿಬಿದ್ದ ಹಾಗೆ ಕೇಳುತ್ತದೆ. ನಮ್ಮ ಕಡೆ ರೂಢಿಯಲ್ಲಿರುವ ಪದ ಇದ್ದರೆ ತಿಳಿಸ್ರಿ.

ಉತ್ತರ (ಧಾರವಾಡದಿಂದ)

‘ಚಪ್ಪಟೆ’ ಬಿಡ್ರಿ. ಮೂಗು ಚಪ್ಪಟೆ, ಡಬ್ಬಿ ಬಿದ್ದು ಚಪ್ಪಟೆಯಾಯಿತು: ಈ ಪದ ಹೇಳುವುದು ವಸ್ತುವಿನ ದಪ್ಪವನ್ನು. ಉಬ್ಬಬೇಕಾದದ್ದು ಕುಗ್ಗಿದೆ ಎಂಬ ಧ್ವನಿಯೂ ಅದಕ್ಕಿದೆ, ನಿಮ್ಮ ವಾಕ್ಯ ಬೈಗುಳದ ಹಾಗೆ ಕೇಳುವುದು ಅದಕ್ಕೇ. ಗ್ರೀನ್‌ಬರ್ಗ್ ಹೇಳುವುದು ಕ್ಯಾನ್ವಾಸಿನ ದಪ್ಪದ ಮಾತಲ್ಲ, ಅದರ ಮೈಯ ಮಾತು.

‘ಸಮತಲ’ದ ತೊಂದರೆ ಬೇರೆ. ಭೌತಶಾಸ್ತ್ರದ ಪುಸ್ತಕದಲ್ಲಿ ‘ಇಳಿಜಾರು ಸಮತಲ’ ಎಂದರೆ ಬರೀ ತಲ. ನೇಮಕಾತಿ ಅಧಿಸೂಚನೆಯ ‘ಸಮತಲ ಮೀಸಲಾತಿ’ಯಲ್ಲಿ ಅದೇ ಪದಕ್ಕೆ ಅಡ್ಡಲಾಗಿ ಹರಡಿದ್ದು ಎಂಬ ಅರ್ಥ. ಗೋಡೆಯ ಮೇಲೆ ತೂಗುವ ಚಿತ್ರಕ್ಕೆ ಈ ಎರಡನೆಯ ಅರ್ಥ ಅಂಟಿಕೊಂಡರೆ ಕೆಲಸ ಕೆಟ್ಟಿತು.

ಗೌಂಡಿಗಳ (ಗಾರೆ ಕೆಲಸದವರ) ಮಾತು ಕೇಳ್ರಿ. ಅವರಿಗೆ ಮೂರು ಗುಣ ಬೇರೆಬೇರೆ. ನೆಲ ‘ಮಟ್ಟ’ ಇರಬೇಕು, ಅದನ್ನು ನೀರಿನ ಪೈಪು ಹಿಡಿದು ನೋಡುತ್ತಾರೆ. ಗೋಡೆ ‘ನೆಟ್ಟಗ’ ಇರಬೇಕು, ಅದಕ್ಕೆ ಒಳಂಬಿ (ದಾರಕ್ಕೆ ಕಟ್ಟಿದ ತೂಗುಗುಂಡು) ಬಿಡುತ್ತಾರೆ. ಗಿಲಾವು (ಪ್ಲಾಸ್ಟರ್) ‘ಸಪಾಟ’ ಇರಬೇಕು, ಅದಕ್ಕೆ ಉದ್ದ ಪಟ್ಟಿ ಇಟ್ಟು ಎಳೆಯುತ್ತಾರೆ. ಪಟ್ಟಿಯ ಅಡಿ ಸಂದು ಕಂಡರೆ ಅಲ್ಲಿ ತಗ್ಗು. ನೆಲವೂ ಸಪಾಟ ಇರಬಹುದು, ನಿಂತ ಗೋಡೆಯೂ ಇರಬಹುದು, ಓರೆ ಹಲಗೆಯೂ ಇರಬಹುದು. ನಮಗೆ ಬೇಕಾದದ್ದು ಇದೇ: ಮೈಯ ಗುಣ, ದಿಕ್ಕಿನದಲ್ಲ, ದಪ್ಪದ್ದೂ ಅಲ್ಲ. ‘ಸಪಾಟು’ ಮರಾಠಿಯ ಕಡೆಯಿಂದ ಬಂದದ್ದು ಎಂದು ಕೆಲವರು ಮೂಗು ಮುರಿಯುತ್ತಾರೆ. ‘ಸಪಾಟಾದ ನೆಲ’ ಕನ್ನಡ ಪುಸ್ತಕಗಳಲ್ಲಿ ಎಂದೋ ಬೇರೂರಿದೆ, ಹಾಗಾಗಿ ಅದೊಂದು ಆಕ್ಷೇಪವಲ್ಲ. ‘ಸಪಾಟುತನ’ ಎಂದು ಬಳಸಬಹುದು.

ಬರೀ ಪದ ಬದಲಿಸಿದರೆ ಸಾಲದು, ಒಂದು ವಾಕ್ಯ ಸೇರಿಸಬೇಕು. 1960ರ ‘ಮಾಡರ್ನಿಸ್ಟ್ ಪೇಂಟಿಂಗ್’ ಪ್ರಬಂಧದಲ್ಲಿ ಪೂರ್ತಿ ಸಪಾಟುತನ ಸಾಧ್ಯವೇ ಇಲ್ಲ ಎಂದು ಗ್ರೀನ್‌ಬರ್ಗ್ ತಾನೇ ಹೇಳುತ್ತಾನೆ. ಖಾಲಿ ಬಟ್ಟೆಯ ಮೇಲೆ ಒಂದು ಗುರುತು ಬಿದ್ದ ಕೂಡಲೇ ಹಿಂದು–ಮುಂದು ಹುಟ್ಟುತ್ತದೆ. ಹಳೆಯ ಚಿತ್ರದ ಆಳದೊಳಗೆ ನಡೆದು ಹೋದಂತೆ ಕಲ್ಪಿಸಿಕೊಳ್ಳಬಹುದಿತ್ತು, ಹೊಸದರೊಳಗೆ ಕಣ್ಣಿಗೆ ಮಾತ್ರ ದಾರಿ. ಇದನ್ನು ಬಿಟ್ಟರೆ ಹುಡುಗರು ‘ಆಳ ಕಂಡರೆ ತಪ್ಪು’ ಎಂದು ಬರೆದುಕೊಳ್ಳುತ್ತಾರೆ.

ಉದಾಹರಣೆಗೆ ಅಮೆರಿಕದ ಚಿತ್ರಕಲಾವಿದೆ ಹೆಲೆನ್ ಫ್ರಾಂಕೆಂಥೇಲರ್ 1952ರಲ್ಲಿ ಮಾಡಿದ ‘ಮೌಂಟನ್ಸ್ ಅಂಡ್ ಸೀ’ ಕೊಡ್ರಿ. ಸುಮಾರು 7 ಅಡಿ ಎತ್ತರ, 10 ಅಡಿ ಅಗಲದ ಕ್ಯಾನ್ವಾಸು. ಅದನ್ನು ನೆಲಕ್ಕೆ ಹಾಸಿ, ಪ್ರೈಮರ್ ಹಚ್ಚದೆ, ನೀರಾಗುವಷ್ಟು ತೆಳುಮಾಡಿದ ಎಣ್ಣೆಬಣ್ಣ ಸುರಿದದ್ದು. ಬಣ್ಣ ಬಟ್ಟೆಯ ಮೇಲೆ ಕೂಡಲಿಲ್ಲ, ನೂಲಿನೊಳಗೆ ಇಂಗಿತು. ಹಾಗಾಗಿ ದಪ್ಪ ಬಣ್ಣದ ಉಬ್ಬು ಇಲ್ಲ. 1953ರಲ್ಲಿ ಗ್ರೀನ್‌ಬರ್ಗ್ ಚಿತ್ರಕಾರರಾದ ಮಾರಿಸ್ ಲೂಯಿಸ್, ಕೆನೆತ್ ನೋಲಂಡ್ ಇಬ್ಬರನ್ನೂ ಕರೆದುಕೊಂಡು ಹೋಗಿ ಈ ಚಿತ್ರ ತೋರಿಸಿದ. ಅವರ ಮುಂದಿನ ಕೆಲಸ ಅಲ್ಲಿಂದ ತಿರುಗಿತು. ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯೂ ಇರಲಿ: ಅಂಟು, ಪ್ರೈಮರ್ ಇಲ್ಲದ ಬಟ್ಟೆಗೆ ಎಣ್ಣೆಬಣ್ಣ ಹಾಕಿದರೆ ಬಣ್ಣ ಬಿದ್ದ ಜಾಗದ ಸುತ್ತ ಎಣ್ಣೆಯ ಉಂಗುರ ಹರಡುತ್ತದೆ, ವರ್ಷಗಳು ಕಳೆದಂತೆ ನೂಲು ಕಂದಿ ಪೆಡಸಾಗುತ್ತದೆ. ಮಾಡಿ ನೋಡುವುದಿದ್ದರೆ ಅಕ್ರಿಲಿಕ್ಕಿನಲ್ಲಿ ಮಾಡಲಿ.

‘ಮಾಧ್ಯಮ’ ಪದ ಈಗ ಟಿವಿಯವರ ಸ್ವತ್ತು, ಉಳಿದದ್ದು ಶಾಲೆಯವರದು. ‘ಮಾಧ್ಯಮ ನಿರ್ದಿಷ್ಟತೆ’ ಎಂದರೆ ಸರಕಾರಿ ಸುತ್ತೋಲೆ ಅನಿಸುತ್ತದೆ. ‘ಮಾಧ್ಯಮದ ಹುಟ್ಟುಗುಣ’ ಎನ್ನಿ. ವಿವರಿಸಲು ನಮ್ಮ ಧಾರವಾಡದ ಕಸೂತಿಗಿಂತ ಹತ್ತಿರದ್ದು ಇಲ್ಲ. ಬಟ್ಟೆಯ ಮೇಲೆ ನಕ್ಷೆ ಬರೆದುಕೊಳ್ಳುವಂತಿಲ್ಲ, ಎಳೆ ಎಣಿಸಿಯೇ ಹಾಕಬೇಕು, ಗಂಟು ಹಾಕುವಂತಿಲ್ಲ. ಗವಂತಿ ಎಂಬ ಹೊಲಿಗೆಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ಬರುವಾಗ ಬಿಟ್ಟ ಜಾಗ ತುಂಬುತ್ತದೆ, ಎರಡೂ ಮಗ್ಗುಲು ಒಂದೇ ಕಾಣುತ್ತದೆ. ಹೋಗುವಾಗ ಒಂದೇ ಎಳೆ ತಪ್ಪಿದರೂ ತಿರುಗಿ ಬರುವ ಹೊಲಿಗೆ ಕೂಡುವುದಿಲ್ಲ, ಅಲ್ಲಿಯವರೆಗೂ ಬಿಚ್ಚಬೇಕು. ಗೋಪುರ, ತೇರು, ಆನೆ ಎಲ್ಲವೂ ಮೆಟ್ಟಿಲು ಮೆಟ್ಟಿಲಾಗಿ ಬರುವುದು ಹೊಲಿಯುವವರ ಹಟದಿಂದಲ್ಲ, ನೇಯ್ಗೆಯ ಹುಟ್ಟುಗುಣದಿಂದ. ಹೋಲಿಕೆ ಇಲ್ಲಿಗೆ ಸಾಕು. ಗ್ರೀನ್‌ಬರ್ಗ್ ಪ್ರಕಾರ ಚಿತ್ರಕಲೆ ಬೇರೆ ಕಲೆಗಳಿಂದ ಎರವಲು ತಂದದ್ದನ್ನು ಒಂದೊಂದಾಗಿ ಕಳಚುತ್ತ ತನ್ನ ಹುಟ್ಟುಗುಣಕ್ಕೆ ಬಂತು. ಕಸೂತಿ ಏನನ್ನೂ ಕಳಚಲಿಲ್ಲ.

‘ಕಿಚ್’ಗೆ ‘ಅಗ್ಗದ ಕಲೆ’ ಪೂರ್ತಿ ತಪ್ಪು. 1939ರ ‘ಅವಾಂಗಾರ್ಡ್ ಅಂಡ್ ಕಿಚ್’ ಲೇಖನದಲ್ಲಿ ಆತ ‘ನ್ಯೂಯಾರ್ಕರ್’ ಪತ್ರಿಕೆಯನ್ನೂ ಸಿರಿವಂತರ ಕಿಚ್ ಎನ್ನುತ್ತಾನೆ, ಅಂದರೆ ಬೆಲೆ ಇಲ್ಲಿ ಲೆಕ್ಕಕ್ಕಿಲ್ಲ. ನೋಡುವವನ ಕೆಲಸವನ್ನೂ ಮೊದಲೇ ಮಾಡಿಕೊಟ್ಟಿರುವುದು, ಪರಿಣಾಮ ಸಿದ್ಧವಾಗಿ ಸಿಗುವುದು, ಅದೇ ಲಕ್ಷಣ. ‘ಸಿದ್ಧರುಚಿಯ ಕಲೆ’ ಎಂದರೆ ಹೇಗೆ? ‘ಕಿಚ್’ ಎಂದೇ ಇಟ್ಟರೆ ಅರ್ಧ ಜನಕ್ಕೆ ಕಿಚ್ಚು ನೆನಪಾಗುತ್ತದೆ, ಉಳಿದರ್ಧಕ್ಕೆ ಸಿನಿಮಾ ನಟ. ‘ಜಾನಪದ’ವನ್ನಂತೂ ಇದರ ಹತ್ತಿರ ತರಬೇಡ್ರಿ. ಹಳ್ಳಿ ಬಿಟ್ಟು ಪಟ್ಟಣಕ್ಕೆ ಬಂದವರು ಜಾನಪದದ ರುಚಿ ಕಳೆದುಕೊಂಡ ಮೇಲೆ ಆ ಜಾಗಕ್ಕೆ ಬಂದದ್ದು ಕಿಚ್ ಎಂಬುದೇ ಆತನ ವಾದ.

ಮರುತ್ತರ (ಹುಬ್ಬಳ್ಳಿಯಿಂದ)

‘ಸಪಾಟು’ ಒಪ್ಪಿಗೆ. ‘ಸಿದ್ಧರುಚಿ’ ಚಲೋ ಐತಿ, ಆದರೆ ಮೊದಲ ಸಲ ‘ಕಿಚ್’ ಪದವನ್ನೂ ಪಕ್ಕದಲ್ಲಿ ಇಡ್ರಿ, ಪರೀಕ್ಷೆಯಲ್ಲಿ ಕೇಳುವುದು ಅದನ್ನೇ. ಆ ಲೇಖನದಿಂದ ಉದಾಹರಣೆ ಎತ್ತುವಾಗ ರಷ್ಯಾದ ಚಿತ್ರಕಾರ ರೇಪಿನ್ ವಿಷಯದಲ್ಲಿ ಜೋಕೆ. ಗ್ರೀನ್‌ಬರ್ಗ್ ಅವನ ಯುದ್ಧಚಿತ್ರವೊಂದನ್ನು ಹಿಡಿದು ವಾದ ಕಟ್ಟಿದ್ದಾನೆ. ರೇಪಿನ್ ಯುದ್ಧಚಿತ್ರ ಬರೆದೇ ಇಲ್ಲವೆಂದು ಮುಂದೆ ಗ್ರೀನ್‌ಬರ್ಗ್ ತಾನೇ ಒಪ್ಪಿಕೊಂಡ.

‘ಸಮತಲ’ವನ್ನು ಬಿಸಾಡಬೇಡ್ರಿ. ಟಿಪ್ಪಣಿಯಲ್ಲಿ ಇನ್ನೊಬ್ಬ ಕಲಾವಿಮರ್ಶಕ ಲಿಯೋ ಸ್ಟೈನ್‌ಬರ್ಗ್ ಬಂದೇ ಬರುತ್ತಾನೆ. ಅವನ ‘ಫ್ಲ್ಯಾಟ್‌ಬೆಡ್’ ಮುದ್ರಣಯಂತ್ರದ ಮಾತು: ಅಚ್ಚುಮೊಳೆಗಳನ್ನು ಮಲಗಿಸುವ ಹಾಸು. ಅಮೆರಿಕದ ಕಲಾವಿದ ರೌಷೆನ್‌ಬರ್ಗ್‌ನ ಚಿತ್ರ ಕಿಟಕಿಯಲ್ಲ, ಸಾಮಾನು ಹರಡಿದ ಮೇಜಿನ ಹಾಗೆ ಎಂಬುದು ಅವನ ಮಾತಿನ ತಿರುಳು. ಅಲ್ಲಿ ಬೇಕಾದದ್ದು ಮಲಗಿದ ತಲವೇ, ‘ಸಮತಲ ಹಾಸು’ ಸರಿಯಾಗಿ ಕೂಡುತ್ತದೆ. ಗದಗಿನವರಿಗೆ ಅಚ್ಚುಕೂಟದ ಹಾಸು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ.