ತೆಂಗಿನ ಮರದ ಮೇಲೆ ಬಿಳಿಚಿದ ಹಾವಸೆ, ಇದರ ಹೆಸರೇನು?

ತೋಟದ ಹುಡುಗ: ನಮ್ಮದು ಕುಂದಾಪುರದ ಹತ್ತಿರ. ತೆಂಗಿನ ಮರದ ಬುಡದಿಂದ ಸೊಂಟದೆತ್ತರದವರೆಗೆ ದಪ್ಪ ಮೆತ್ತೆಯ ಹಾಗೆ ಹಾವಸೆ ಹಿಡಿದಿದೆ. ಮಳೆಗೆ ತಿಳಿ ಹಸಿರು, ಒಣಗಿದರೆ ಬೆಳ್ಳಗೆ, ಕೈಯಲ್ಲಿ ಉಜ್ಜಿದರೆ ಎಲೆ ಪಟಪಟ ಮುರಿಯುತ್ತದೆ. ಗಿಡ ಗುರುತಿಸುವ ಆ್ಯಪ್ ಇದು ಲ್ಯೂಕೋಬ್ರಿಯಮ್ ಎಂಬ ಹಾವಸೆ ಅನ್ನುತ್ತಿದೆ. ಅಪ್ಪ ರೋಗ ಅಂತ ಸುಣ್ಣ ಕಲಸಿಟ್ಟಿದ್ದಾರೆ, ಬೇಗ ಹೇಳಿ.

ಹಸಿರುಗಣ್ಣು: ಆ್ಯಪ್ ನಂಬಬೇಡಿ. ಕರಾವಳಿ, ತೆಂಗಿನ ಮರ, ಬಿಳಿ ಮೆತ್ತೆ ಅಂದರೆ ಮೊದಲು ನೆನಪಾಗುವುದು ಆಕ್ಟೋಬ್ಲೆಫಾರಮ್ ಆಲ್ಬಿಡಮ್. ಉಷ್ಣವಲಯದಲ್ಲೆಲ್ಲ ಸಿಗುತ್ತದೆ, ಸಸ್ಯಶಾಸ್ತ್ರಜ್ಞ ಹೆಡ್ವಿಗ್ ವಿವರಿಸಿದ್ದು, 1801ರಲ್ಲೇ ಪ್ರಕಟವಾದದ್ದು. ಎಲೆ ಪಟ್ಟಿಯ ಹಾಗೆ ಉದ್ದಕ್ಕೆ, ತುದಿಯಲ್ಲಿ ಚಿಕ್ಕ ಮುಳ್ಳು. ಬುಡದಲ್ಲಿ ಕೆಲವೊಮ್ಮೆ ನೇರಳೆ ಛಾಯೆ ಇರುತ್ತದೆ, ನಿಮ್ಮದರಲ್ಲಿ ಇದೆಯಾ? ಬೀಜಕಗಳ ಪುಟ್ಟ ಡಬ್ಬಿ ಸಿಕ್ಕರೆ ಇನ್ನೂ ಒಳ್ಳೆಯದು. ಅರ್ಧ ಸೆಂಟಿಮೀಟರ್ ಆಸುಪಾಸಿನ ದಂಟಿನ ಮೇಲೆ ಮೊಟ್ಟೆಯಾಕಾರದಲ್ಲಿ ನೆಟ್ಟಗೆ ನಿಂತಿರುತ್ತದೆ. ಮುಚ್ಚಳ ಬಿದ್ದದ್ದನ್ನು ಹುಡುಕಿ, ಒಳ್ಳೆಯ ಲೆನ್ಸ್ ಹಿಡಿದು ಬಾಯಿಯ ಸುತ್ತ ಹಲ್ಲು ಎಣಿಸಿ. ಇದಕ್ಕೆ 8, ಲ್ಯೂಕೋಬ್ರಿಯಮ್‌ಗೆ 16. ಅದರ ಡಬ್ಬಿ ಸಾಮಾನ್ಯವಾಗಿ ಬಾಗಿರುತ್ತದೆ ಕೂಡ.

ಸಸ್ಯ ಮೇಷ್ಟ್ರು: ಡಬ್ಬಿ ಸಿಗದಿದ್ದರೂ ಚಿಂತೆಯಿಲ್ಲ, ಕಾಲೇಜಿನಲ್ಲಿ ಸೂಕ್ಷ್ಮದರ್ಶಕ ಸಿಕ್ಕರೆ ಹೊಸ ಬ್ಲೇಡಿನಿಂದ ಎಲೆಯನ್ನು ಅಡ್ಡಕ್ಕೆ ಸೀಳಿ ಹನಿ ನೀರಲ್ಲಿಟ್ಟು ನೋಡಿ. ಎಲೆಯ ಬಹುಭಾಗ ನಡುನರವೇ. ಖಾಲಿ ಕೋಶಗಳ ಹಲವು ಪದರ, ನಡುವೆ ಒಂದು ಸಾಲು ಹಸಿರು ಕೋಶ. ಆ ಹಸಿರು ಕೋಶ ಮೂರು ಮೂಲೆಯದಾದರೆ ಆಕ್ಟೋಬ್ಲೆಫಾರಮ್, ನಾಲ್ಕು ಮೂಲೆಯದಾದರೆ ಲ್ಯೂಕೋಬ್ರಿಯಮ್. ಖಾಲಿ ಕೋಶಗಳು ಮಳೆಗೆ ನೀರು ತುಂಬಿಕೊಳ್ಳುತ್ತವೆ, ಒಣಗಿದಾಗ ಗಾಳಿ. ಬೆಳ್ಳಗಾಗುವುದು ಅದಕ್ಕೇ.

ಕರಾವಳಿ ಅಕ್ಕ: ಮಾರಾಯ್ರೆ, ಸುಣ್ಣ ಸುಮ್ನೆ ದಂಡ. ಹಾವಸೆಗೆ ನಿಜವಾದ ಬೇರೇ ಇಲ್ಲ, ಎಳೆಗಳಿಂದ ತೊಗಟೆ ಹಿಡ್ಕೊಂಡಿರುತ್ತದೆ ಅಷ್ಟೆ, ಮರದ ರಸ ಹೀರುವುದಿಲ್ಲ. ಕೆರೆದು ತೆಗೆದರೂ ಪ್ರಯೋಜನ ಕಡಿಮೆ, ಮುರಿದ ಎಲೆ ಚೂರುಗಳಿಂದಲೇ ಮತ್ತೆ ಹುಟ್ಟುತ್ತದೆ.

ತೋಟದ ಹುಡುಗ: ಹಲ್ಲು 8 ಇವೆ! ಬುಡದಲ್ಲಿ ನೇರಳೆಯೂ ಇದೆ. ಅಪ್ಪ ಸುಣ್ಣವನ್ನು ಅಡಿಕೆಗೆ ಹಾಕ್ತೇನೆ ಅಂದರು. ಆದರೆ ಅಡಿಕೆ ಮರದಲ್ಲಿ ಬೇರೆಯೇ ಒಂದು ಕಡು ಹಸಿರಿನದು ಇದೆ, ಒಣಗಿದರೆ ಎಲೆ ಸುರುಳಿ ಸುತ್ತುತ್ತದೆ.

ಹಸಿರುಗಣ್ಣು: ಕೆಲವು ಎಲೆಗಳ ತುದಿಯಲ್ಲಿ ಹಸಿರು ಕುಚ್ಚಿನ ಹಾಗೆ ಏನಾದರೂ ಇದ್ದರೆ ಕ್ಯಾಲಿಂಪೆರಿಸ್ ಎಂಬ ಇನ್ನೊಂದು ಹಾವಸೆ ಇರಬಹುದು. ಹತ್ತಿರದಿಂದ ಫೋಟೋ ಹಾಕಿ, ಒದ್ದೆ ಇರುವಾಗ ಒಂದು, ಒಣಗಿದ ಮೇಲೆ ಒಂದು.